ಚುಕ್ಕಿಯ ಬೆನ್ನಿನಲ್ಲಿ ಕಬ್ಬಿಣ

ಬೆನ್ನು ಸವರಿದ್ದೇ ತಡ, ಚುಕ್ಕಿ ಚೀರಿ ನನ್ನ ಮುಂಗೈ ಕಚ್ಚಿಬಿಟ್ಟಿತು. ಹದಿಮೂರು ವರ್ಷ ಸಾಕಿದ ಬೆಕ್ಕು, ಒಂದು ದಿನವೂ ಉಗುರು ತಾಗಿಸಿದ್ದಿಲ್ಲ! ಎಂಬತ್ತರ ದಶಕದ, ಕಾರ್ಖಾನೆಗಳೇ ತುಂಬಿದ ಪೀಣ್ಯ; ನಮ್ಮದು ವಠಾರದ ಮನೆ. "ವಯಸ್ಸಾಗಿ ತಲೆ ಕೆಟ್ಟೈತೆ ಅಕ್ಕ, ದೂರ ಬಿಟ್ಬನ್ನಿ" ಎಂದರು ಪಕ್ಕದ ಮನೆಯವರು. ನಾನೂ ಗೋಣಿಚೀಲ ತೆಗೆದಿಟ್ಟೆ.

ಸಂಜೆ, ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸ ಮುಗಿಸಿ ಬಂದ ಯಜಮಾನರು, ಅದು ಎಲ್ಲಿ ಮಲಗುತ್ತದೆ ಎಂದು ಕೇಳಿದರು. ಮೂಲೆ ತೋರಿಸಿದೆ. ಭಾನುವಾರ ಒಗೆಯಲೆಂದು ವಾರವಿಡೀ ನಾನು ರಾಶಿ ಹಾಕುವ ಅವರ ಖಾಕಿ ಬಟ್ಟೆಯೇ, ಚಳಿ ತಡೆಯದ ಆ ಮುದಿ ಬೆಕ್ಕಿಗೆ ಹಾಸಿಗೆಯಾಗಿತ್ತು. ಅವರು ತಮ್ಮ ಕೆಲಸದ ಚೀಲದಿಂದ ಅಯಸ್ಕಾಂತ ತೆಗೆದು, ಮುಟ್ಟಿಯೂ ಮುಟ್ಟದಂತೆ ಅದರ ಬೆನ್ನ ಮೇಲೆ ಹಿಡಿದರು. ರೋಮದೊಳಗಿಂದ ಕಬ್ಬಿಣದ ಪುಡಿ ಎದ್ದು ಅಂಟಿಕೊಂಡಿತು. ಹಿಂದೆಯೇ ರಕ್ತ ಮೆತ್ತಿದ, ಸೂಜಿಯಂಥ ಒಂದು ಚೂರು!

"ಪಾಪ, ನೋಯ್ತದೆ ಅಂತ ಹೇಳೋಕೆ ಇದಕ್ಕೆ ಬಾಯಿಲ್ಲ ಕಣೇ" ಎಂದರು.

ಅವರ ಅಂಗೈ ಹಿಡಿದು ನೋಡಹೋದೆ. ಥೇಟ್ ಚುಕ್ಕಿಯ ಹಾಗೆಯೇ ಬೆಚ್ಚಿ ಕೈ ಕಿತ್ತುಕೊಂಡರು. ಬಾಯಿದ್ದೂ ಇಷ್ಟು ವರ್ಷ ಅವರು ನೋಯ್ತದೆ ಅಂತ ಒಮ್ಮೆಯೂ ಹೇಳಿರಲಿಲ್ಲ.