ಇಳಕಲ್ ಸೆರಗಿಗೆ ಬಂದ ರೋಬೋಟ್

ಆ ಸಿನಿಮಾ ಬರುವುದಕ್ಕೆ ಒಂದು ತಿಂಗಳ ಮೊದಲೇ ಅದರ ಸಾಮಾನು ಬಂದಿತ್ತು. ನಾನು ಹುನಗುಂದದ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರ. ಒಂದು ಸೋಮವಾರ ಎಂಟನೇ ವರ್ಗಕ್ಕೆ ಕಾಲಿಟ್ಟರೆ ಬೆಂಚುಗಳ ಮೇಲೆಲ್ಲ ಒಂದೇ ಮುಖ. ನೀಲಿ ಬಣ್ಣ, ಚೌಕು ಗಲ್ಲ, ಕಣ್ಣಿನ ಜಾಗದಲ್ಲಿ ಎರಡು ಕೆಂಪು ದೀಪ. ನೀರಿನ ಬಾಟಲಿಯ ಮೇಲೆ ಅದೇ, ಕಂಪಾಸ್ ಡಬ್ಬಿಯ ಮೇಲೆ ಅದೇ, ಬೆನ್ನಿಗೆ ಹಾಕುವ ಚೀಲದ ಮೇಲೂ ಅದೇ. ಮೊದಲ ಭಾಗದಲ್ಲಿ ಈ ರೋಬೋಟ್ ದೇಶ ಉಳಿಸಿತ್ತಂತೆ. ಎರಡನೇ ಭಾಗದಲ್ಲಿ ಜಗತ್ತನ್ನೇ ಉಳಿಸುವುದಂತೆ. ಉಳಿಸಿದ ಮೇಲೆ ನೀರು ಕುಡಿಯಲು ಬಾಟಲಿ ಬೇಕಲ್ಲ, ಅದಕ್ಕೇ ಮೊದಲೇ ಕಳಿಸಿರಬೇಕು ಎಂದುಕೊಂಡೆ.

ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಗಿರ್ಮಿಟ್ ತಿನ್ನಲು ನಿಂತರೆ ಗಾಡಿಯವನ ಎದೆಯ ಮೇಲೂ ಅದೇ ಮುಖ. ಅಂಗಿಯನ್ನು ಕಂಪನಿಯವರು ಸುಮ್ಮನೆ ಹಂಚಿ ಹೋಗಿದ್ದರಂತೆ. "ಯಾರ್ದೋ ಇದು?" ಎಂದು ಕೇಳಿದೆ. "ಗೊತ್ತಿಲ್ರಿ ಸರ್, ಅರಿವಿ ಚಲೋ ಐತಿ," ಎಂದ. ಆ ಸಿನಿಮಾದ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲೆಲ್ಲ ಪ್ರಾಮಾಣಿಕವಾದದ್ದು ಅದೊಂದೇ.

ವಿಮರ್ಶೆಯ ಮಾತು ಯಾಕೆ ಬಂತೆಂದರೆ, ನಾನೂ ಆಗ ವಿಮರ್ಶಕ. ಬಾಗಲಕೋಟೆಯಿಂದ ಹೊರಡುವ ಒಂದು ದಿನಪತ್ರಿಕೆಗೆ ಹನ್ನೊಂದು ವರ್ಷದಿಂದ ಶನಿವಾರ ಶನಿವಾರ ಸಿನಿಮಾ ಬಗ್ಗೆ ಬರೆಯುತ್ತಿದ್ದೆ. ಹೊಗಳಿದ್ದು ಕಡಿಮೆ. ಬೈಯುವುದರಲ್ಲಿ ನನ್ನ ಕೈ ಪಳಗಿದೆ ಎಂದು ಜನ ಹೇಳುತ್ತಿದ್ದರು, ಅದನ್ನು ಕೇಳಿ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಅದೇ ವಾರ ಹೆಂಡತಿಯ ಜೊತೆ ಇಳಕಲ್ಲಿಗೆ ಹೋದೆ. ಅವಳ ಅಕ್ಕ ಅಲ್ಲಿ ನೇಯುತ್ತಾರೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನಲವತ್ತು ವರ್ಷ ಕಳೆದವರು, ವಯಸ್ಸು ಅರವತ್ತು ದಾಟಿದೆ. ನಾನು ಅವರನ್ನು ಅಕ್ಕಾರ ಎನ್ನುತ್ತೇನೆ, ಅವರು ನನಗೆ ಮಾಸ್ತರ್ರ ಎನ್ನುತ್ತಾರೆ. ಒಳಗೆ ಹೋಗಿ ನೋಡಿದರೆ ಮಗ್ಗದ ಪಕ್ಕದ ಗೋಡೆಗೆ ಒಂದು ಬಣ್ಣದ ಚಿತ್ರ ಅಂಟಿಸಿದೆ. ಮತ್ತೆ ಅದೇ ನೀಲಿ ಮುಖ! ಅಕ್ಕಾರು ಆ ಚಿತ್ರದ ಮೇಲೆ ಪೆನ್ಸಿಲ್ಲಿನಿಂದ ಚೌಕು ಚೌಕು ಗೆರೆ ಎಳೆದು, ಒಂದೊಂದು ಚೌಕಿಗೆ ಎಷ್ಟು ಎಳೆ ಎಂದು ಗುರುತು ಹಾಕುತ್ತಿದ್ದರು.

"ಇದೇನ್ರಿ ಅಕ್ಕಾರ?"

"ನಮ್ಮ ಸಾವುಕಾರ ತಂದುಕೊಟ್ಟಾನ್ರಿ. ಪಿಕ್ಚರ್ ಬರೂದ್ರಾಗ ಐದು ಸೀರಿ ಬೇಕಂತ. ಸೆರಗಿನ್ಯಾಗ ಈ ಗೊಂಬಿ ಬರಬೇಕಂತ."

ಇಳಕಲ್ ಸೀರೆಯ ಸೆರಗು ಎಂದರೆ ಕೆಂಪು ಬಿಳುಪಿನ ಟೋಪ್ ತೆನಿ. ಜೋಳದ ತೆನೆ, ಕೋಟೆಯ ಗೋಡೆ, ಹಣಿಗೆಯ ಹಲ್ಲು, ಅವುಗಳದೇ ಸಾಲು. ನನ್ನ ತಾಯಿ ಉಟ್ಟಿದ್ದೂ ಅದನ್ನೇ, ಹೆಂಡತಿ ಮದುವೆಯಲ್ಲಿ ಉಟ್ಟಿದ್ದೂ ಅದನ್ನೇ. ಅಲ್ಲಿ ಈ ತಗಡಿನ ಗೊಂಬೆ ಬಂದು ಕೂಡುವುದೆಂದರೆ ನನಗೆ ಮೈ ಉರಿಯಿತು.

"ನೀವು ಒಲ್ಲೆ ಅನ್ನಬೇಕಾಗಿತ್ತು," ಎಂದೆ.

"ಯಾಕ್ರಿ ಅನ್ಲಿ? ನಲವತ್ತು ವರ್ಷ ತೆನಿ ನೇಯ್ದೀನಿ. ಕಣ್ಣು ಮುಚ್ಚಿದ್ರೂ ನೇಯ್ತೀನಿ. ಇದು ನೋಡ್ರಿ, ತಲಿ ಕೆಡಿಸಾಕತ್ತೈತಿ." ಅವರ ಮುಖದಲ್ಲಿ ಬೇಸರವಿರಲಿಲ್ಲ. ಹೊಸ ಲೆಕ್ಕ ಸಿಕ್ಕ ಜಾಣ ಹುಡುಗಿಯ ಹಟವಿತ್ತು. "ಇದರ ಭುಜ ಭಾಳ ಅಗಲ ಐತಿ. ಒಂದೊಂದು ಎಳಿ ಕೈಲೆ ಎತ್ತಿ ಹಾಕಬೇಕು. ಮಾಸ್ತರ್ರ, ನೀವು ಒಂದು ಮಾಡ್ರಿ. ಪಿಕ್ಚರ್ ಬಂದಾಗ ಪೇಪರ್‌ನ್ಯಾಗ ಜರಾ ಚಲೋ ಬರೀರಿ. ಸಾವುಕಾರನೂ ಕೇಳ್ಯಾನ."

"ಚಲೋ ಇದ್ದರ ಚಲೋ ಬರಿತೇನಿ," ಎಂದೆ. ಹಾಗೆ ಹೇಳುವಾಗಲೇ ನನ್ನ ತಲೆಯಲ್ಲಿ ಬೈಗುಳದ ಮೊದಲ ವಾಕ್ಯ ತಯಾರಾಗಿತ್ತು. ಸಿನಿಮಾ ಇನ್ನೂ ಬಂದೇ ಇರಲಿಲ್ಲ.

ತಿಂಗಳು ಕಳೆದು ಸಿನಿಮಾ ಬಂದ ಶುಕ್ರವಾರ ರಜೆ ಹಾಕಿ ಇಳಕಲ್ಲಿನ ಟಾಕೀಸಿನಲ್ಲಿ ಮೊದಲ ಆಟಕ್ಕೆ ಹೋದೆ. ಬಾಗಿಲಲ್ಲಿ ಆಳೆತ್ತರದ ರಟ್ಟಿನ ರೋಬೋಟ್ ನಿಲ್ಲಿಸಿದ್ದರು. ಜನ ಅದರ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಗ್ರಾನೈಟ್ ಪಾಲಿಶ್ ಕೆಲಸದವನೊಬ್ಬ ಅದರ ಕೈ ಮುಟ್ಟಿ, "ಏ, ಒಳಗ ಏನೂ ಇಲ್ಲಲೇ," ಎಂದು ಗೆಳೆಯನಿಗೆ ಹೇಳಿದ. ಒಳಗೆ ಹೋಗುವ ಮೊದಲೇ ಸತ್ಯ ಗೊತ್ತಾದದ್ದು ಅವನೊಬ್ಬನಿಗೆ.

ಎರಡೂ ಮುಕ್ಕಾಲು ತಾಸಿನ ಸಿನಿಮಾ. ಅದರಲ್ಲಿ ಒಂದು ಪಟ್ಟಣ ಮೂರು ಸಲ ಬಿತ್ತು. ಮೊದಲ ಸಲ ಕೆಟ್ಟ ರೋಬೋಟ್ ಕೆಡವಿತು, ಎರಡನೇ ಸಲ ಒಳ್ಳೆಯ ರೋಬೋಟ್ ಕೆಟ್ಟ ರೋಬೋಟನ್ನು ಹಿಡಿಯಲು ಹೋಗಿ ಕೆಡವಿತು, ಮೂರನೇ ಸಲ ಯಾರು ಕೆಡವಿದರೆಂದು ನನಗೆ ತಿಳಿಯಲಿಲ್ಲ. ನಿರ್ದೇಶಕರಿಗೂ ತಿಳಿದಿರಲಾರದು. ನಡುವೆ ನಾಯಕ ಹೆಲಿಕಾಪ್ಟರಿನಿಂದ ಜಿಗಿಯುತ್ತ ದೇಶಭಕ್ತಿಯ ಮೇಲೆ ಭಾಷಣ ಮಾಡಿದ, ಭಾಷಣ ಮುಗಿಯುವವರೆಗೂ ನೆಲ ಅವನಿಗಾಗಿ ಕಾಯಿತು. ತಾಯಿಯ ಸಮಾಧಿಯ ಮುಂದೆ ರೋಬೋಟ್ ಅತ್ತಿತು. ಅದರ ಕಣ್ಣಿಂದ ಇಳಿದದ್ದು ಎಣ್ಣೆ. ಯಂತ್ರಕ್ಕೆ ತಾಯಿ ಎಲ್ಲಿಂದ ಬಂದಳು ಎಂದು ಯಾರೂ ಕೇಳಲಿಲ್ಲ, ಪಕ್ಕದಲ್ಲಿದ್ದವನೊಬ್ಬ ಮಾತ್ರ ಮೂಗು ಒರೆಸಿಕೊಂಡ. ಕಿವಿಯಲ್ಲಿ ಡಬ್ಬ ಬಡಿದಂಥ ಸದ್ದು ತುಂಬಿಕೊಂಡು ಹೊರಗೆ ಬಂದರೆ, ಮೊಬೈಲ್ ಹಿಡಿದ ನಾಲ್ಕೈದು ಜನ ಪ್ರೇಕ್ಷಕರನ್ನು ತಡೆದು, "ಹೆಂಗೈತ್ರಿ ಪಿಕ್ಚರ್?" ಎನ್ನುತ್ತಿದ್ದರು. ಎಲ್ಲರೂ "ಬೆಂಕಿ!" ಎಂದು ಕೂಗುತ್ತಿದ್ದರು. ಬೆಂಕಿ ಎಂದರೆ ಈಗ ಹೊಗಳಿಕೆ.

ದೊಡ್ಡ ಊರಿನ ಪತ್ರಿಕೆಗಳು ಮರುದಿನ ಇನ್ನೂ ಜಾಣತನ ತೋರಿಸಿದವು. ಕಥೆ ಇಲ್ಲ ಎಂದು ಯಾವುದೂ ಬರೆಯಲಿಲ್ಲ, "ಕಥೆಗಿಂತ ದೃಶ್ಯವೈಭವಕ್ಕೆ ಒತ್ತು" ಎಂದು ಬರೆದವು. ನೋಡಲಾಗದು ಎನ್ನದೆ "ಮಕ್ಕಳಿಗೆ ಇಷ್ಟವಾಗಬಹುದು" ಎಂದವು. ಮಕ್ಕಳು ಇವರಿಗೆ ಏನು ಅನ್ಯಾಯ ಮಾಡಿದ್ದರೋ.

ನಾನು ಮಾತ್ರ ಬಿಡಲಿಲ್ಲ. ಶುಕ್ರವಾರ ಮಧ್ಯಾಹ್ನವೇ ಕೂತು ಬರೆದೆ. ಅದರಲ್ಲೊಂದು ವಾಕ್ಯದ ಮೇಲೆ ನನಗೆ ಬಹಳ ಅಭಿಮಾನವಿತ್ತು: "ಇಂಥದ್ದೊಂದು ಚಿತ್ರವನ್ನು ಮತ್ತೆ ನೋಡಬೇಕು ಎಂಬ ಶಿಕ್ಷೆಯನ್ನು ಶತ್ರುವಿಗೂ ಕೊಡಬಾರದು." ಬರೆದು, ಎರಡು ಸಲ ಓದಿಕೊಂಡು, ಬಾಗಲಕೋಟೆಗೆ ಕಳಿಸಿದೆ.

ಶನಿವಾರ ಪತ್ರಿಕೆ ಬಂತು. ನನ್ನ ಲೇಖನ ಅರ್ಧಕ್ಕೂ ಕಡಿಮೆ ಇತ್ತು. ಪಟ್ಟಣ ಮೂರು ಸಲ ಬಿದ್ದದ್ದು ಇಲ್ಲ, ಎಣ್ಣೆಯ ಕಣ್ಣೀರು ಇಲ್ಲ. ಕೊನೆಯ ಸಾಲು ಹೀಗಿತ್ತು: "ಇಂಥದ್ದೊಂದು ಚಿತ್ರವನ್ನು ಮತ್ತೆ ನೋಡಬೇಕು." ಎದುರಿನ ಪುಟದ ತುಂಬ ಅದೇ ಸಿನಿಮಾದ ಜಾಹೀರಾತು. ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ, ಕನ್ನಡ ವಾಕ್ಯದ ಜೀವ ಅದರ ಕೊನೆಯಲ್ಲಿರುತ್ತದೆ, ಕೊನೆಯವರೆಗೆ ಓದಿ ಎಂದು. ಆ ಪಾಠ ಯಾರೋ ಚೆನ್ನಾಗಿ ಕಲಿತಿದ್ದರು, ಸರಿಯಾಗಿ ಅಲ್ಲಿಯೇ ಕತ್ತರಿ ಹಾಕಿದ್ದರು.

ಸೋಮವಾರದ ಹೊತ್ತಿಗೆ ಆ ಸಾಲು ಇಳಕಲ್ಲಿನ ಪೋಸ್ಟರಿಗೂ ಏರಿತ್ತು. ನಮ್ಮ ಹೆಡ್‌ಮಾಸ್ತರರು ನನ್ನನ್ನು ಕಚೇರಿಗೆ ಕರೆದರು. ಅವರದು ಬೇವೂರಿನ ಕಡೆಯ ಕುರುಬರ ಮನೆತನ, ಬೀರಪ್ಪನ ಭಕ್ತರು, ಸುಳ್ಳು ಎಂದರೆ ಆಗದು.

"ಏನ್ರಿ ಮಾಸ್ತರ, ನಿಮ್ಮ ಮಾತು ನಂಬಿ ಬೇವೂರಿಂದ ನಮ್ಮ ಮಾವನ ಮನಿ ಮಂದಿನ್ನೆಲ್ಲ ಜೀಪಿನ್ಯಾಗ ಹಾಕ್ಕೊಂಡು ಹೋಗಿದ್ದೆ. ನಮ್ಮತ್ತಿ ಎರಡು ದಿನದಿಂದ ಕಿವಿ ಕೇಳ್ಸವಲ್ದು ಅನ್ನಾಕತ್ತಾಳ. ಎದಕ್ಕ ಹಂಗ ಬರದ್ರಿ?"

"ನಾ ಬರೆದಿಲ್ರಿ ಸರ್. ಅವರು ಕತ್ತರಿಸ್ಯಾರ."

"ಹೆಸರು ನಿಮ್ದ ಐತಲ್ಲ?"

ಮರುದಿನ ರಜೆ ಹಾಕಿ ಬಾಗಲಕೋಟೆಗೆ ಹೋದೆ. ಸಂಪಾದಕರು ನನಗಿಂತ ಚಿಕ್ಕವರು, ನಯವಾದ ಮನುಷ್ಯ. ಚಹಾ ತರಿಸಿದರು. ನಾನು ಮೂಲ ಪ್ರತಿಯನ್ನು ಮೇಜಿನ ಮೇಲಿಟ್ಟು ಆ ವಾಕ್ಯದ ಮೇಲೆ ಬೆರಳಿಟ್ಟೆ.

"ಸರ್, ಜಾಗ ಸಾಲಲಿಲ್ಲ," ಎಂದರು. "ಅದರಾಗ ನಿಮ್ಮದಲ್ಲದ ಒಂದು ಶಬ್ದ ಸೇರ್ಸೀವೇನು ಹೇಳ್ರಿ?"

"ಸೇರ್ಸಿಲ್ಲ. ತೆಗೆದೀರಿ."

"ತೆಗಿಯೂದು ಎಡಿಟರ್ ಕೆಲಸ ಅಲ್ಲೇನ್ರಿ?"

ಅವರ ಹಿಂದಿನ ಕಪಾಟಿನ ಮೇಲೆ ಒಂದು ಚಿಕ್ಕ ನೀಲಿ ರೋಬೋಟ್ ನಿಂತಿತ್ತು, ಎದೆಯಲ್ಲಿ ಗಡಿಯಾರ. ನಾನು ಅದನ್ನು ನೋಡುವುದನ್ನು ಕಂಡು ಅವರು ಸ್ವಲ್ಪ ಕೆಂಪಾದರು. "ಕಂಪನಿಯವರು ಕೊಟ್ಟದ್ದು. ನಿಮಗೂ ಒಂದು ಐತಿ, ಒಯ್ರಿ," ಎಂದರು. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಇನ್ನು ಬರೆಯುವುದಿಲ್ಲ ಎಂದೆ. ಅವರು ಬಾಗಿಲವರೆಗೆ ಬಂದು ಬೀಳ್ಕೊಟ್ಟರು, ಒಂದು ಸಲವೂ "ಬಿಡಬ್ಯಾಡ್ರಿ" ಎನ್ನಲಿಲ್ಲ. ಹನ್ನೊಂದು ವರ್ಷದ ನಂಟು ಅಷ್ಟು ಹಗುರವಾಗಿ ಕಳಚಿತು.

ಆ ಭಾನುವಾರ ಅಕ್ಕಾರು ಹೇಳಿ ಕಳಿಸಿದರು: ತಡವಾದರೂ ಐದೂ ಸೀರೆ ಮುಗಿದಿವೆ, ನನಗ ಪಿಕ್ಚರ್ ತೋರಿಸ್ರಿ. ಶತ್ರುವಿಗೂ ಕೊಡಬಾರದೆಂದು ಬರೆದ ಶಿಕ್ಷೆಯನ್ನು ನಾನೇ ಅನುಭವಿಸಬೇಕಾಯಿತು. ಟಾಕೀಸಿನಲ್ಲಿ ಆಗಲೇ ಅರ್ಧ ಖುರ್ಚಿ ಖಾಲಿ. ಅಕ್ಕಾರು ನನ್ನ ಮತ್ತು ಹೆಂಡತಿಯ ನಡುವೆ ನೆಟ್ಟಗೆ ಕೂತು, ರೋಬೋಟ್ ಬಂದಾಗಲೆಲ್ಲ ಕಣ್ಣು ಕಿರಿದು ಮಾಡಿ ನೋಡಿದರು. ಪಟ್ಟಣ ಎರಡನೇ ಸಲ ಬೀಳುವಾಗ ನಿದ್ದೆ ಹೋದರು. ಆ ಸದ್ದಿನಲ್ಲಿ ಹೇಗೆ ನಿದ್ದೆ ಬಂತೋ! ಮಗ್ಗದ ಸದ್ದಿನಲ್ಲಿ ಬೆಳೆದ ಕಿವಿ ಅದು.

ಹೊರಗೆ ಬಂದ ಮೇಲೆ ಹೇಳಿದರು, "ಅದಕ್ಕ ಕಣ್ಣ ಇಲ್ರಿ. ದೀಪ ಅದಾವ, ನೋಟ ಇಲ್ಲ. ನಾ ಬಿಳಿ ಎಳಿಯೊಳಗ ಒಂದು ಕರಿ ಎಳಿ ಇಟ್ಟೀನಿ. ನಂದು ನೋಡ್ತೈತಿ."

ಮನೆಗೆ ಹೋಗಿ ಸೀರೆ ಬಿಚ್ಚಿ ತೋರಿಸಿದರು. ನಿಜವಾಗಿಯೂ ಅದು ನೋಡುತ್ತಿತ್ತು. ಕೆಂಪು ಸೆರಗಿನಲ್ಲಿ ಕೋಟೆಯ ಸಾಲಿನ ನಡುವೆ, ಅಗಲ ಭುಜ ಹೊತ್ತು, ಮನೆ ಕಾಯುವವನ ಹಾಗೆ ನಿಂತಿತ್ತು. ನಾನು ನನ್ನ ಲೇಖನಕ್ಕೆ ಆದ ಅನ್ಯಾಯವನ್ನೆಲ್ಲ ಹೇಳಿಕೊಂಡೆ. ಮೂಲ ಪ್ರತಿಯನ್ನೂ ಓದಿ ತೋರಿಸಿದೆ. ಅವರು ಪೂರ್ತಿ ಕೇಳಿದರು.

"ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ನೀವು ಇದನ್ನ ಪಿಕ್ಚರ್ ನೋಡೂಕಿಂತ ಮೊದಲ ಬರದಿದ್ರಿ."

ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಸಂಪಾದಕರ ಮುಂದೆ ಉರಿದ ಮೈ ಇಲ್ಲಿ ತಣ್ಣಗಾಯಿತು. ಹನ್ನೊಂದು ವರ್ಷದಲ್ಲಿ ಯಾರೂ ನನ್ನ ಬಗ್ಗೆ ಇಷ್ಟು ಚಿಕ್ಕ, ಇಷ್ಟು ಸರಿಯಾದ ವಿಮರ್ಶೆ ಮಾಡಿರಲಿಲ್ಲ.

ಎರಡು ವಾರಕ್ಕೆ ಸಿನಿಮಾ ಎತ್ತಿದರು. ರಟ್ಟಿನ ರೋಬೋಟ್ ಟಾಕೀಸಿನ ಸೈಕಲ್ ಸ್ಟ್ಯಾಂಡಿನಲ್ಲಿ ಬಿಸಿಲಿಗೆ ಅಡ್ಡವಾಗಿ ನಿಂತಿತು. ಬಾಟಲಿಗಳ ಮುಖ ಉಜ್ಜಿ ಉಜ್ಜಿ ಅಳಿಸಿಹೋಯಿತು. ಐದು ಸೀರೆಗಳನ್ನು ಇಳಕಲ್ಲಿನಲ್ಲಿ ಯಾರೂ ಕೇಳಲಿಲ್ಲ ಎಂದು ಸುದ್ದಿ ಬಂತು.

ಅದಾಗಿ ಮೂರು ತಿಂಗಳಿಗೆ ಮಕ್ಕಳನ್ನು ಕರೆದುಕೊಂಡು ಬಾದಾಮಿಗೆ ಪ್ರವಾಸ ಹೋಗಿದ್ದೆವು. ಮೇಣಬಸದಿಯ ಗುಹೆಗುಡಿಗಳನ್ನು ನೋಡಿ ಇಳಿದು ಬರುವಾಗ ಒಂದು ಸೀರೆ ಅಂಗಡಿಯ ಬಾಗಿಲಲ್ಲಿ ನಾನು ನಿಂತುಬಿಟ್ಟೆ. ಅಕ್ಕಾರ ಸೆರಗು ಅಲ್ಲಿ ತೂಗಾಡುತ್ತಿತ್ತು. ಅಂಗಡಿಯವನು ಪುಣೆಯ ಕಡೆಯ, ಕನ್ನಡ ಬಲ್ಲ ಹೆಣ್ಣುಮಗಳೊಬ್ಬಳಿಗೆ ಹೇಳುತ್ತಿದ್ದ, "ಇದು ಚಾಲುಕ್ಯರ ಕಾಲದ ಡಿಸೈನ್ ಬಾಯಾರ. ದ್ವಾರಪಾಲಕ. ಈಗ ಗುಡಿಯಾಗ ನೋಡಿ ಬಂದ್ರಲ್ಲ, ಅದ." ಸೀರೆಗೆ ಒಂದು ಚೀಟಿಯೂ ನೇತಾಡುತ್ತಿತ್ತು, ಅದರ ಮೇಲೂ ಹಾಗೆಯೇ ಅಚ್ಚಾಗಿತ್ತು.

ಆಕೆ ನನ್ನ ಕಡೆ ತಿರುಗಿದಳು. ಮಕ್ಕಳ ಜೊತೆ ಇದ್ದದ್ದರಿಂದ ಮಾಸ್ತರನೆಂದು ಗೊತ್ತಾಗಿರಬೇಕು. "ಖರೆ ಏನ್ರಿ ಸರ್?" ಎಂದು ಕೇಳಿದಳು.

ಬೈಯಲು ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಇನ್ನು ಸಿಗಲಾರದು. ಸಿನಿಮಾ, ಸಾವುಕಾರ, ಅಂಗಡಿಯವನು, ಚಾಲುಕ್ಯರ ಹೆಸರಿನ ವ್ಯಾಪಾರ, ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಸುಡಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ನೇಯ್ಗಿ ಭಾಳ ಚಲೋ ಐತ್ರಿ. ಕಣ್ಣು ನೋಡ್ರಿ," ಎಂದೆ.

ಆಕೆ ಸೆರಗನ್ನು ಬೆಳಕಿಗೆ ಹಿಡಿದು ನೋಡಿದಳು, ಕಟ್ಟಿಸಿಕೊಂಡಳು. ಚೀಟಿಯ ಬಗ್ಗೆ ನಾನು ತುಟಿ ಎರಡು ಮಾಡಲಿಲ್ಲ. ಬಸ್ಸಿನಲ್ಲಿ ಹುನಗುಂದದವರೆಗೂ ಅದೇ ಕೊರೆಯಿತು. ಸಂಪಾದಕರು ನನ್ನ ವಾಕ್ಯದ ಕೊನೆ ತೆಗೆದರು ಎಂದು ಕೂಗಾಡಿದವನು ನಾನು. ನನ್ನ ಉತ್ತರದ ಕೊನೆಯನ್ನು ನಾನೇ ನುಂಗಿದ್ದೆ.

ಅಕ್ಕಾರಿಗೆ ಹೇಳಿದಾಗ ಅವರು ಚೀಟಿಯ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾವುಕಾರ ಇನ್ನೂ ಇಪ್ಪತ್ತು ದ್ವಾರಪಾಲಕರನ್ನು ಕೇಳುತ್ತಿದ್ದಾನಂತೆ, ಇವರು ಒಲ್ಲೆ ಎಂದಿದ್ದಾರೆ. "ಲೆಕ್ಕ ಒಂದ್ಸಲ ಬಿಡಿಸಿದ್ರ ಆತ್ರಿ. ಮತ್ತ ಮತ್ತ ಯಾಕ?"

ನನ್ನ ಜಾಗಕ್ಕೆ ಪತ್ರಿಕೆಯವರು ಒಬ್ಬ ಹೊಸಬನನ್ನು ಹಾಕಿಕೊಂಡಿದ್ದಾರೆ. ಎಲ್ಲವನ್ನೂ ಹೊಗಳುತ್ತಾನೆ. ಕಳೆದ ಶನಿವಾರ ಹೆಂಡತಿ ಗಟ್ಟಿಯಾಗಿ ಓದುತ್ತಿದ್ದಳು, ನಾನು ಪೇಪರ್ ಇಸಿದುಕೊಂಡು ನೋಡಿದೆ. "ಅದ್ಬುತ" ಎಂದು ನಾಲ್ಕು ಕಡೆ ಬರೆದಿದ್ದ, ನಾಲ್ಕೂ ಕಡೆ ಅಲ್ಪಪ್ರಾಣದಲ್ಲಿ. ಸುಮ್ಮನಿರಬೇಕೆಂದು ಎಷ್ಟು ಅಂದುಕೊಂಡರೂ ಆಗಲಿಲ್ಲ. ಕಿಸೆಯಿಂದ ಕೆಂಪು ಪೆನ್ನು ತೆಗೆದು ನಾಲ್ಕನ್ನೂ ತಿದ್ದಿದೆ.