ಮೂವತ್ತೊಂದು ಫೋನುಗಳಲ್ಲಿ ನಮ್ಮತ್ತೆ

ಅಳಿಯನಾದವನು ಅತ್ತೆಯ ಮಾತು ಕೇಳಬೇಕು ಎಂದು ಮದುವೆಗೆ ಮುಂಚೆ ಯಾರೋ ಹೇಳಿದಾಗ ಹಲ್ಲು ಕಿರಿದಿದ್ದೆ. ಆಮೇಲೆ ಗೊತ್ತಾಯಿತು, ನಮ್ಮೂರಿನಲ್ಲಿ ಎಲ್ಲರೂ ನಮ್ಮತ್ತೆಯ ಮಾತನ್ನೇ ಕೇಳುತ್ತಾರೆ. ಮಕ್ಕಳ ಆಸ್ಪತ್ರೆ, ಕನ್ನಡಕದ ಅಂಗಡಿ, ಗ್ಯಾಸ್ ಏಜೆನ್ಸಿ, ಹಾಸಿಗೆ ಅಂಗಡಿ, ಹೀಗೆ ಮೂವತ್ತೊಂದು ಕಡೆ ಫೋನ್ ಮಾಡಿದರೆ ಮೊದಲು ಸಿಗುವುದು ಅವರ ದನಿ. "ನಮಸ್ಕಾರ. ದಯವಿಟ್ಟು ನಿರೀಕ್ಷಿಸಿ." ಇಪ್ಪತ್ತಾರು ವರ್ಷಗಳಿಂದ ಅವರ ಕೆಲಸ ಇದೇ. ಮಲಗುವ ಕೋಣೆಯ ಬೀರು ತೆಗೆದು, ತೂಗುಹಾಕಿದ ಬಟ್ಟೆಗಳ ನಡುವೆ ಮೈಕು ಹಿಡಿದು ತಲೆ ತೂರಿಸುತ್ತಾರೆ. ಬಟ್ಟೆ ಇದ್ದರೆ ದನಿ ಗೋಡೆಗೆ ಬಡಿದು ವಾಪಸ್ಸು ಬರುವುದಿಲ್ಲವಂತೆ. ಮೊದಲ ಸಲ ಅವರನ್ನು ನೋಡಿದ್ದೇ ಹಾಗೆ, ಬೆನ್ನು ಮಾತ್ರ ಕಂಡಿತ್ತು.

ವರ್ಷದ ಕೊನೆಯ ರಜೆಗೆ ಮೊದಲು ಎಲ್ಲ ಕಡೆಯೂ "ರಜೆಯ ಪ್ರಯುಕ್ತ ಮುಚ್ಚಿದೆ" ಎಂದು ಹಾಕಬೇಕು. ರಜೆ ಮುಗಿದ ಕೂಡಲೇ ಅದನ್ನು ತೆಗೆದು "ತೆರೆದಿದೆ" ಎಂದು ಹಾಕಬೇಕು. ಈ ಸಲ ಮುಚ್ಚುವುದು ಸರಿಯಾಗಿಯೇ ಆಯಿತು. ತೆರೆಯುವ ಹೊತ್ತಿಗೆ ಅತ್ತೆಯ ಗಂಟಲು ಕೈಕೊಟ್ಟಿತು. ಹತ್ತು ದಿನ ಬಾಯಿ ಬಿಡಕೂಡದು, ಪಿಸುಗುಟ್ಟಲೂ ಕೂಡದು, ಮೀರಿದರೆ ದನಿಯೇ ಹೋದೀತು ಎಂದು ಡಾಕ್ಟರು ಹೆದರಿಸಿ ಕಳಿಸಿದರು.

"ಹತ್ತು ದಿನ ಮನೆ ತಣ್ಣಗಿರುತ್ತೆ ಬಿಡು," ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದೆ. ಅವಳು ಕಣ್ಣಲ್ಲೇ ನನ್ನನ್ನು ಸುಟ್ಟಳು.

ಶನಿವಾರ ಬೆಳಿಗ್ಗೆ ಲೈನಣ್ಣ ಬಂದ. ಈ ಎಲ್ಲ ಅಂಗಡಿ, ಆಸ್ಪತ್ರೆಗಳ ಫೋನು ನೋಡಿಕೊಳ್ಳುವವನು ಅವನೇ. ಕೂರಲೂ ಇಲ್ಲ.

"ಅಕ್ಕಾ, ಸೋಮವಾರ ಎಂಟಕ್ಕೆ ಎಲ್ಲರೂ ಬಾಗಿಲು ತೆಗೀತಾರೆ. ಫೋನು ಮಾತ್ರ ಮುಚ್ಚಿದೆ ಅಂತಲೇ ಹೇಳ್ತಾ ಇರುತ್ತೆ. ನಾಳೆ ಸಂಜೆ ಐದರೊಳಗೆ ನಿಮ್ಮಿಂದ ಬರಲಿಲ್ಲ ಅಂದ್ರೆ ಕಂಪ್ಯೂಟರ್ ದನಿ ಹಾಕಿಬಿಡ್ತೀನಿ. ಒಂದ್ಸಲ ಅದು ಕೂತ್ರೆ ಮತ್ತೆ ಏಳಲ್ಲ. ಬೇಜಾರು ಮಾಡ್ಕೋಬೇಡಿ."

ಅವನು ಹೋದ ಮೇಲೆ ಅತ್ತೆ ಒಂದು ಸ್ಲೇಟು ತಂದರು. ಅದರ ಮೇಲೆ ಬರೆದರು: "ಅಳಿಯಂದ್ರೇ, ಕಂಪ್ಯೂಟರ್ ತೆಗೀರಿ."

ಎಲ್ಲರೂ ವರ್ಷವರ್ಷ ಒಕ್ಕಣೆ ಬದಲಿಸುವುದರಿಂದ ಹಳೆಯ ಸಂದೇಶಗಳು ಹಾಗೇ ನಡೆಯುತ್ತಿರಲಿಲ್ಲ, ಆದರೆ ಮೊದಲ ದಿನದಿಂದ ಆಡಿದ ಒಂದೊಂದು ಮಾತನ್ನೂ ಅವರು ಇಟ್ಟುಕೊಂಡಿದ್ದರು. ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ನನ್ನ ಹೆಂಡತಿ ಎಂದೋ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದಳು. ಜೊತೆಗೊಂದು ದಪ್ಪ ನೋಟ್‌ಬುಕ್ಕು. ಯಾವ ಮಾತು, ಯಾವ ದಿನ, ಪಕ್ಕದಲ್ಲಿ ಸಣ್ಣದಾಗಿ ಏನೋ ಒಂದು ಟಿಪ್ಪಣಿ. ಅವರು ಬೆರಳಿಟ್ಟು ತೋರಿಸಬೇಕು, ನಾನು ಕತ್ತರಿಸಿ ಜೋಡಿಸಬೇಕು. ಒಂದು ಸಂದೇಶಕ್ಕೆ ಒಂದೇ ವರ್ಷದ ಮಾತು, ದನಿಗೂ ವಯಸ್ಸಾಗುತ್ತದೆ ಎಂದು ಬರೆದು ತೋರಿಸಿದರು. ಎರಡು ಮಾತುಗಳ ನಡುವೆ ಸೇರಿಸಲು ಬರೀ ಉಸಿರನ್ನೂ ಬೇರೆಯಾಗಿ ಕೂಡಿಟ್ಟಿದ್ದರು.

ಇದೇನು ಮಹಾ ಎಂದುಕೊಂಡೇ ಶುರು ಮಾಡಿದೆ. ಆಟಿಕೆ ಅಂಗಡಿಗೆ ಸ್ಪಷ್ಟವಾಗಿರುವ ಒಂದು "ದಯವಿಟ್ಟು" ಆರಿಸಿಕೊಂಡೆ. ಅತ್ತೆ ಬೇಡವೆಂದು ತಲೆಯಾಡಿಸಿದರು. ಚೆನ್ನಾಗೇ ಇದೆಯಲ್ಲ ಎಂದೆ. ಅವರು ನೋಟ್‌ಬುಕ್ಕು ತಿರುಗಿಸಿದರು. ಪಕ್ಕದಲ್ಲಿ "ಅವರು ಹೋದ ಮರುವಾರ" ಎಂದಿತ್ತು. ಮಾವ ತೀರಿಕೊಂಡ ಮರುವಾರ ಈಕೆ ಬೀರುವಿನ ಬಟ್ಟೆಗಳಲ್ಲಿ, ಮಾವನ ಅಂಗಿಗಳೂ ಇದ್ದ ಆ ಬಟ್ಟೆಗಳಲ್ಲಿ ಮುಖವಿಟ್ಟು, ಹಾಸಿಗೆ ಕೊಳ್ಳುವವರಿಗೆ ದಯವಿಟ್ಟು ಕಾಯಿರಿ ಎಂದಿದ್ದರು. ಮತ್ತೆ ಕೇಳಿದೆ. ಏನೂ ತಿಳಿಯಲಿಲ್ಲ. ಮೂರನೇ ಸಲ ಕೇಳಿದಾಗ ಕೊನೆಯ ಅಕ್ಷರವನ್ನು ಬಿದ್ದುಹೋಗದಂತೆ ಹಿಡಿದುಕೊಂಡಿರುವುದು ಕೇಳಿಸಿತು. ನಾನೂ ಆ ಹಾಸಿಗೆ ಅಂಗಡಿಗೆ ಎಷ್ಟು ಸಲ ಫೋನ್ ಮಾಡಿ, ಇದೇ ಮಾತು ಕೇಳುತ್ತ ಆಕಳಿಸಿದ್ದೇನೋ!

ಆಮೇಲೆ ನಾನು ಕೆಲಸಕ್ಕಿಂತ ಟಿಪ್ಪಣಿಗಳನ್ನೇ ಓದತೊಡಗಿದೆ. "ಮಗಳಿಗೆ ಮೊದಲ ಹಲ್ಲು." "ಮನೆಗೆ ನೀರು ನುಗ್ಗಿತು." "ಜಗಳ, ನಂದೇ ತಪ್ಪು." ಊರಿನವರ ಪಾಲಿಗೆ ಅದೆಲ್ಲ ಒಂದೇ ಸಮನಾದ, ಇಸ್ತ್ರಿ ಮಾಡಿದಂಥ ದನಿ. ಇಡೀ ಬದುಕನ್ನು ನಾಲ್ಕು ಮಾತುಗಳಲ್ಲಿ ಅಡಗಿಸಿಟ್ಟು ಈ ಹೆಂಗಸು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರಲ್ಲ ಎಂದು ಬೆರಗಾದೆ. ಒಂದು "ಸ್ವಾಗತ"ದ ಪಕ್ಕ "ಅಳಿಯ ಮೊದಲ ಸಲ ಮನೆಗೆ ಬಂದ" ಎಂದಿತ್ತು. ಆಸೆಯಿಂದ ಹಾಕಿ ಕೇಳಿದೆ. ಸ್ವಾಗತವೇನೋ ಇತ್ತು, ಸ್ವಲ್ಪ ಅನುಮಾನವೂ ಇತ್ತು. ಅತ್ತೆ ದನಿಯಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಭಾನುವಾರ ನಾಲ್ಕೂವರೆಗೆ ಮೂವತ್ತು ಮುಗಿದವು. ಒಂದೊಂದನ್ನೂ ಅತ್ತೆ ನಿಂತುಕೊಂಡು ಕೊನೆಯವರೆಗೆ ಕೇಳಿ, ತಲೆಯಾಡಿಸಿದ ಮೇಲೆಯೇ ಕಳಿಸಿದ್ದು. ಕೊನೆಗೆ ಉಳಿದದ್ದು ಮಕ್ಕಳ ಆಸ್ಪತ್ರೆ. ಅದಕ್ಕೆ ಮೊದಲ ವರ್ಷದ ಮಾತುಗಳೇ ಆಗಬೇಕೆಂದು ಆರಿಸಿಕೊಟ್ಟು ಅತ್ತೆ ಮಾತ್ರೆ ನುಂಗಲು ಒಳಗೆ ಹೋದರು. ಲೈನಣ್ಣನದು ಫೋನಿನ ಮೇಲೆ ಫೋನು. ಐದಕ್ಕೆ ಎರಡು ನಿಮಿಷವಿತ್ತು. ಅವರು ಬಂದು ಕೇಳುವ ಮೊದಲೇ ಕಳಿಸಿಬಿಟ್ಟೆ.

ಸೋಮವಾರ ಹನ್ನೊಂದಕ್ಕೆ ಲೈನಣ್ಣ ಬಾಗಿಲಲ್ಲಿ ನಿಂತಿದ್ದ.

"ಆಸ್ಪತ್ರೆದು ಕೇಳಿದ್ರಾ?" ಎಂದು ನಂಬರು ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

"ನಮಸ್ಕಾರ. ರಜೆ ಮುಗಿದು ಆಸ್ಪತ್ರೆ ತೆರೆದಿದೆ. ದಯವಿಟ್ಟು ನಿರೀಕ್ಷಿಸಿ." ಅದರ ಹಿಂದೆಯೇ ದೂರದಲ್ಲಿ ಒಂದು ಎಳೆಮಗುವಿನ ಅಳು. ಆಮೇಲೆ ಅದೇ ದನಿ, ಆದರೆ ಇಸ್ತ್ರಿಯಿಲ್ಲದ್ದು: "ಬಂದೆ ಪುಟ್ಟಾ, ಬಂದೆ. ಎಲ್ಲೂ ಹೋಗಿಲ್ಲ ಕಣೇ, ಇಲ್ಲೇ ಇದೀನಿ." ಮತ್ತೆ ಮೊದಲಿನಿಂದ, ನಮಸ್ಕಾರ.

ಆ ತುಣುಕಿನ ಬಾಲ ಕತ್ತರಿಸುವುದನ್ನು ಮರೆತಿದ್ದೆ. ಇಪ್ಪತ್ತಾರು ವರ್ಷಗಳಲ್ಲಿ ಒಂದು ಕೆಮ್ಮೂ ಹೊರಗೆ ಹೋಗದಂತೆ ನೋಡಿಕೊಂಡಿದ್ದ ಅತ್ತೆಯ ಮುಖ ಬಿಳಚಿಕೊಂಡಿತು.

"ತಪ್ಪು ನಂದು," ಎಂದೆ. "ಅವರನ್ನೇನೂ ಅನ್ನಬೇಡಿ. ಕಂಪ್ಯೂಟರ್ ದನಿ ಮಾತ್ರ ಹಾಕಬೇಡಿ."

"ಯಾರು ಹಾಕ್ತೀನಿ ಅಂದ್ರು?" ಲೈನಣ್ಣ ಈಗ ಕುಳಿತ. "ರಜೆ ಮುಗಿದ ಮೊದಲ ದಿನ ಅಲ್ಲಿ ಕಾಯೋರಲ್ಲಿ ಅರ್ಧ ಜನ ಬೈದು ಫೋನ್ ಇಡ್ತಾರೆ. ಇವತ್ತು ಒಬ್ಬರೂ ಇಟ್ಟಿಲ್ವಂತೆ. ಫೋನ್ ಎತ್ತೋ ಹುಡುಗಿಗೆ ಸಾಕಾಗಿ ಹೋಗಿದೆ. ಎಲ್ಲರದ್ದೂ ಮೊದಲು ಅದೇ ಪ್ರಶ್ನೆಯಂತೆ, ಆ ಮಗು ಅಳು ನಿಲ್ಲಿಸ್ತಾ ಅಂತ."

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ಅಮ್ಮಾ, ಅದು ನಾನಾ?"

ಅತ್ತೆ ಹೌದೆಂದು ತಲೆಯಾಡಿಸಿದರು. ಆಮೇಲೆ ಸ್ಲೇಟು ಎಳೆದುಕೊಂಡು, ಕೆಲಸದ ವಿಷಯದಲ್ಲಿ ರಾಜಿಯೇ ಇಲ್ಲ ಎಂಬಂತೆ ಬರೆದು ನನ್ನತ್ತ ತಳ್ಳಿದರು: "ಬಾಲ ಕತ್ತರಿಸಿ ಕಳಿಸಿ."

ನಾನು ಕೈ ಹಾಕುವ ಮೊದಲೇ ಹೆಂಡತಿ ಅದನ್ನು ಅಂಗೈಯಿಂದ ಅಳಿಸಿಬಿಟ್ಟಳು. ಲೈನಣ್ಣನ ಫೋನು ತೆಗೆದುಕೊಂಡು ಕಿವಿಗಿಟ್ಟು ಕಾದಳು. ಅಮ್ಮನ ದನಿ ಎರಡು ಸಲ ಬಂದುಹೋದ ಮೇಲೆ ಆ ಕಡೆ ಯಾರೋ ಮಾತಾಡಿದರು.

"ಏನಿಲ್ಲ," ಎಂದಳು ನನ್ನ ಹೆಂಡತಿ. "ಯಾರಾದ್ರೂ ಕೇಳಿದ್ರೆ, ಆ ಮಗು ಅಳು ನಿಲ್ಲಿಸ್ತು ಅಂತ ಹೇಳಿ." ಹಾಗೆನ್ನುವಾಗ ಅವಳು ಅಳುತ್ತಿದ್ದಳು.