ದೊಡ್ಡಪ್ಪನ ಪೆನ್ಸಿಲ್ ಚೀಟಿಗಳು

ದೊಡ್ಡಪ್ಪ ಯಾವುದನ್ನೇ ಆಗಲಿ ಅಂಚಿನಲ್ಲಿ ಹಿಡಿಯುತ್ತಿದ್ದರು. ಚಹಾದ ಲೋಟ, ಚಪಾತಿ, ಬಸ್ಸಿನ ಟಿಕೆಟ್ಟು, ಮದುವೆಯ ಕರೆಯೋಲೆ ಎಲ್ಲವೂ ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿ, ಮಧ್ಯಕ್ಕೆ ಬೆರಳು ತಾಗದ ಹಾಗೆ. ಯುಗಾದಿಯ ದಿನ ಹೋಳಿಗೆಯನ್ನೂ ಹಾಗೆಯೇ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಒಂದು ಸಲ ಓರೆಮಾಡಿ ನೋಡಿಯೇ ಬಾಯಿಗಿಡುತ್ತಿದ್ದರು. "ರೀ, ಅದಕ್ಕೂ ಒಂದು ಚೀಟಿ ಬರೀರಿ ಮತ್ತೆ" ಎಂದು ದೊಡ್ಡಮ್ಮ ಚುಚ್ಚುತ್ತಿದ್ದರು. ಹೋಳಿಗೆಯನ್ನು ಓರೆಮಾಡಿದ್ದು ನಾನೇ ಕಂಡದ್ದೋ, ದೊಡ್ಡಮ್ಮ ಹೇಳಿ ಹೇಳಿ ಕಂಡಂತೆ ಆದದ್ದೋ ಈಗ ಖಚಿತವಿಲ್ಲ. ಇಲ್ಲಿ ಬರೆಯುವ ಇನ್ನೂ ಕೆಲವು ವಿವರಗಳು ಹೀಗೇ ತಪ್ಪಿರಬಹುದು. ನಾನು ಮಾಡಿದ್ದು ಮಾತ್ರ ಸರಿಯಾಗಿ ನೆನಪಿದೆ. ಅದೂ ತಪ್ಪು ನೆನಪೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸಿದ ದಿನಗಳಿವೆ.

ಅವರು ನನ್ನ ತಾಯಿಯ ಅಕ್ಕನ ಗಂಡ. ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರಾಗಿ ನಿವೃತ್ತರಾಗಿದ್ದರು. ನಾನು ದಾವಣಗೆರೆಯಿಂದ ಎಂ.ಎ. ಓದಲು ಹೋದಾಗ, ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಮಯೂರ್ ವಿಹಾರದ ಅವರ ಫ್ಲ್ಯಾಟಿನಲ್ಲಿಯೇ ಉಳಿದೆ. ಅವರ ಒಬ್ಬಳೇ ಮಗಳು ಮದುವೆಯಾಗಿ ಗ್ರೇಟರ್ ನೋಯ್ಡಾಕ್ಕೆ ಹೋಗಿದ್ದಳು. ಅವಳ ಕೋಣೆ ನನಗೆ ಸಿಕ್ಕಿತು. ಕೋಣೆಯ ಕಬ್ಬಿಣದ ಬೀರು ಮಾತ್ರ ದೊಡ್ಡಪ್ಪನದು. ಅದರ ತುಂಬ ಬೆಳ್ಳಿ ನಾಣ್ಯಗಳ ಸೆಟ್ಟುಗಳಿದ್ದವು.

ಯಾರದೋ ಜನ್ಮಶತಮಾನೋತ್ಸವಕ್ಕೆ, ಯಾವುದೋ ಸಂಸ್ಥೆಯ ಸುವರ್ಣ ವರ್ಷಕ್ಕೆ ಸರ್ಕಾರದ ಟಂಕಸಾಲೆ ಹೊರತರುವ ಸೆಟ್ಟುಗಳು ಅವು. ಖರ್ಚು ಮಾಡುವುದಕ್ಕಲ್ಲ, ಸಂಗ್ರಹಿಸುವುದಕ್ಕೆ. ಫಾರಂ ತುಂಬಿ ಡಿ.ಡಿ. ಜೊತೆ ಕಳಿಸಿದರೆ, ಮರೆತೇಹೋದ ಮೇಲೆ ಒಂದು ದಿನ ರಿಜಿಸ್ಟರ್ಡ್ ಪಾರ್ಸೆಲ್ಲಿನಲ್ಲಿ ಬರುತ್ತಿದ್ದವು. ಮಖಮಲ್ಲಿನ ಪೆಟ್ಟಿಗೆ, ಒಳಗೆ ಗುಂಡನೆಯ ಪಾರದರ್ಶಕ ಡಬ್ಬಿಯಲ್ಲಿ ನೂರು ರೂಪಾಯಿಯ ದೊಡ್ಡ ಬೆಳ್ಳಿ ನಾಣ್ಯ, ಪಕ್ಕದಲ್ಲಿ ಚಿಕ್ಕವು. ಪ್ರೂಫ್ ಎಂದು ಕರೆಯುವ ಬಗೆಯಲ್ಲಿ ನಾಣ್ಯದ ಬಯಲು ಕನ್ನಡಿಯಂತೆ ಹೊಳೆಯುತ್ತದೆ, ಅದರ ಮೇಲಿನ ಚಿತ್ರ ಮಂಜು ಕೂತಂತೆ ಬೆಳ್ಳಗಿರುತ್ತದೆ. ದೊಡ್ಡಪ್ಪ ತಾವು ತರಿಸಿದ್ದಲ್ಲದೆ ಬೇರೆಯವರ ಸೆಟ್ಟುಗಳನ್ನೂ ಕೊಂಡು, ಪರೀಕ್ಷಿಸಿ, ದರ್ಜೆ ಗೊತ್ತುಮಾಡಿ, ಕರೋಲ್ ಬಾಗಿನ ಒಬ್ಬ ಲಾಲಾಜಿಯ ಅಂಗಡಿಯಲ್ಲಿ ಮಾರುತ್ತಿದ್ದರು.

ದರ್ಜೆ ಕಟ್ಟುವ ಕೆಲಸ ಬೆಳಿಗ್ಗೆ, ಬಾಲ್ಕನಿಯ ಪಕ್ಕದ ಮೇಜಿನಲ್ಲಿ. ಮೂಗು ಬಾಯಿ ಮುಚ್ಚುವಂತೆ ಕರವಸ್ತ್ರ ಕಟ್ಟಿಕೊಂಡು, ಬಲಗಣ್ಣಿಗೆ ಸಣ್ಣ ಭೂತಗನ್ನಡಿ ಹಿಡಿದು, ನಾಣ್ಯವನ್ನು ಅಂಚಿನಲ್ಲಿ ಎತ್ತಿ ಬೆಳಕಿಗೆ ಓರೆಮಾಡುತ್ತಿದ್ದರು. ಆಗ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುವಂತಿರಲಿಲ್ಲ. ನೋಡಿ ಮುಗಿದ ಮೇಲೆ ಒಂದು ಚಿಕ್ಕ ಚೀಟಿಯಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಒಂದೇ ಪದ ಬರೆದು ಡಬ್ಬಿಯ ಕೆಳಗೆ ಇಡುತ್ತಿದ್ದರು. ಅವರ ದರ್ಜೆಗಳು ಮೂರೇ. 'ಕನ್ನಡಿ' ಎಂದರೆ ಏನೂ ದೋಷವಿಲ್ಲ. 'ಉಸಿರು' ಎಂದರೆ ಯಾರೋ ಮಾತಾಡುವಾಗ ಸಿಡಿದ ಎಂಜಲಿನ ಚುಕ್ಕೆಯೋ ತೇವದ ಕಲೆಯೋ ಇದೆ. 'ಒರೆಸಿದ್ದು' ಎಂದರೆ ಆ ಚುಕ್ಕೆಯನ್ನು ತೆಗೆಯಲು ಹೋಗಿ ಯಾರೋ ಬಟ್ಟೆ ಆಡಿಸಿ, ಕನ್ನಡಿಯ ಮೇಲೆ ಕೂದಲೆಳೆಯ ಗೆರೆಗಳೆದ್ದಿವೆ. ಉಸಿರು ಬಿದ್ದದ್ದನ್ನು ಅವರು ಹಾಗೆಂದು ಹೇಳಿಯೇ ಮಾರುತ್ತಿದ್ದರು. ಒರೆಸಿದ್ದನ್ನು ಮಾರುತ್ತಲೇ ಇರಲಿಲ್ಲ.

"ಉಸಿರು ಬಿತ್ತಾ, ಬಿಟ್ಟುಬಿಡಬೇಕು ಮಗು. ಬಿದ್ದಿದೆ ಅಂತ ಹೇಳಿದ್ರಾಯ್ತು. ಒರೆಸೋಕೆ ಹೋದ್ರೆ ಕೆಟ್ಟಿತು" ಎಂದು ನನಗೆ ಹೇಳಿದ್ದರು. ಎಷ್ಟು ಸಲವೋ ಲೆಕ್ಕವಿಲ್ಲ.

ಲಾಲಾಜಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೆ ಮೂರು ಪದಗಳ ಆಕಾರ ಚೆನ್ನಾಗಿ ಗೊತ್ತಿತ್ತು. ಗಿರಾಕಿಯ ಮುಂದೆ ಚೀಟಿ ಹಿಡಿದು, "ಯೇ ದೇಖೋ, ಮದ್ರಾಸಿ ಬಾಬೂಜಿ ಕೀ ಜಲೇಬಿ. ಇಸ್ ಕೇ ಬಾದ್ ಪೂಛನಾ ಕ್ಯಾ" ಎನ್ನುತ್ತಿದ್ದರು. ಈ ಜಲೇಬಿ ಅಕ್ಷರ ಬಿದ್ದ ಮೇಲೆ ಇನ್ನೇನು ಕೇಳುವುದಿದೆ ಎಂದು. ದೊಡ್ಡಪ್ಪ "ಮದ್ರಾಸಿ ನಹೀಂ ಲಾಲಾಜಿ, ಕನ್ನಡ" ಎಂದು ಪ್ರತಿ ಭಾನುವಾರ ತಿದ್ದುತ್ತಿದ್ದರು. "ಹಾಂ ಹಾಂ, ವಹೀ" ಎಂದು ಲಾಲಾಜಿ ಪ್ರತಿ ಭಾನುವಾರ ಒಪ್ಪುತ್ತಿದ್ದರು. ಆ ಅಂಗಡಿಯಲ್ಲಿ ಸೇರುತ್ತಿದ್ದ ನಾಲ್ಕೈದು ಸಂಗ್ರಾಹಕರು ಚೀಟಿ ಇದ್ದರೆ ಡಬ್ಬಿ ತೆರೆದೂ ನೋಡುತ್ತಿರಲಿಲ್ಲ. ನಲವತ್ತು ವರ್ಷ ಕಚೇರಿಯಲ್ಲಿ ಬೇರೆಯವರ ಸಹಿಗೆ ಕಡತ ಕಳಿಸುತ್ತಿದ್ದ ಮನುಷ್ಯನಿಗೆ, ತನ್ನ ಒಂದು ಪದಕ್ಕೆ ಜನ ತಲೆಯಾಡಿಸುವುದು ಎಷ್ಟು ದೊಡ್ಡದಾಗಿತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ ಎಂದು ಬರೆಯಹೊರಟಿದ್ದೆ. ಅದು ಸುಳ್ಳು. ಗೊತ್ತಿತ್ತು.

ದೊಡ್ಡಮ್ಮನಿಗೆ ಈ ಬೀರುವಿನ ಮೇಲೆ ಪ್ರೀತಿಯ ಸಿಟ್ಟು. "ಮನೆ ತುಂಬ ಬೆಳ್ಳಿ ಇಟ್ಕೊಂಡು ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯೋರು ನಾವೇ ಕಣೇ" ಎನ್ನುತ್ತಿದ್ದರು. ಹಬ್ಬದ ಹಿಂದಿನ ದಿನ ಅವರು ದೇವರ ದೀಪಗಳನ್ನು ವಿಭೂತಿ ಹಾಕಿ ಉಜ್ಜಲು ಕೂತರೆ ದೊಡ್ಡಪ್ಪ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. "ಆ ಸದ್ದು ಕೇಳಿದ್ರೆ ನನ್ನ ಹಲ್ಲು ಜುಂ ಅನ್ನತ್ತೆ. ಬೆಳ್ಳಿ ಅದು, ಪಾತ್ರೆ ಅಲ್ಲ." ಒಳಗಿನಿಂದ ದೊಡ್ಡಮ್ಮ, "ಹೋಗಿ, ಬರ್ತಾ ಕೊತ್ತಂಬರಿ ತನ್ನಿ!"

ಎರಡನೆಯ ವರ್ಷದ ಹೊತ್ತಿಗೆ ನನಗೂ ಕರವಸ್ತ್ರ ಕಟ್ಟಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ನಾನು ಎಡಚಿ. ಎಡಗೈಯಲ್ಲಿ ಹೂವು ಕೊಟ್ಟರೆ, ಬಡಿಸಿದರೆ ದೊಡ್ಡಮ್ಮ ಗದರುತ್ತಿದ್ದರು. ದೊಡ್ಡಪ್ಪ ಮಾತ್ರ, "ಯಾವ ಕೈಯಾದ್ರೇನು, ಅಂಚಲ್ಲಿ ಹಿಡಿದ್ರೆ ಸಾಕು" ಎಂದರು. ಒಮ್ಮೆ ಒರೆಸಿದ ನಾಣ್ಯವೊಂದನ್ನು ತೋರಿಸಿ, ಗೆರೆಗಳು ಬಾಗಿರುವ ದಿಕ್ಕು ನೋಡಿ ಒರೆಸಿದವರು ಬಲಗೈಯವರೋ ಎಡಗೈಯವರೋ ಹೇಳಬಹುದು ಎಂದಿದ್ದರು. ಅದು ನಿಜವಾದ ವಿದ್ಯೆಯೋ ಅವರ ನಂಬಿಕೆಯೋ ನಾನು ವಿಚಾರಿಸಲಿಲ್ಲ.

ಆ ದಿನಕ್ಕೆ ಬರುತ್ತೇನೆ. ಅವರು ಯಾರಿಂದಲೋ ಕೊಂಡಿದ್ದ ಹಳೆಯ ಸೆಟ್ಟೊಂದನ್ನು ನೋಡಿ ಮುಗಿಸಿ, 'ಕನ್ನಡಿ' ಎಂದು ಚೀಟಿ ಬರೆದಿದ್ದರು. ಅಷ್ಟರಲ್ಲಿ ಕೆಳಗೆ ತರಕಾರಿ ಭಯ್ಯಾ ಕೂಗಿದ. ಮೊಣಕಾಲು ನೋವಿದ್ದ ದೊಡ್ಡಮ್ಮ ಇವರನ್ನೇ ಇಳಿಯಲು ಹೇಳಿದರು. "ಮುಚ್ಚಳ ಹಾಕಿಬಿಡು ಮಗು" ಎಂದು ಎದ್ದುಹೋದರು. ನನ್ನ ಮೊಬೈಲು ರಿಂಗಾಯಿತು. ಗೆಳತಿಗೆ ಗುರಗಾಂವಿನಲ್ಲಿ ಕೆಲಸ ಸಿಕ್ಕಿತ್ತು. ಮಾತಾಡಲೆಂದು ಕರವಸ್ತ್ರ ಕೆಳಗೆ ಎಳೆದು ಜೋರಾಗಿ ನಕ್ಕೆ. ತೆರೆದ ನಾಣ್ಯದ ಮೇಲೆ, ಸರಿಯಾಗಿ ಕನ್ನಡಿಯ ನಡುವೆ, ಸಾಸಿವೆಗಿಂತ ಚಿಕ್ಕದೊಂದು ಹನಿ ಕೂತಿತು.

ಬಿಟ್ಟಿದ್ದರೆ ಅದು 'ಉಸಿರು'. ಹೇಳಿದ್ದರೆ ಅವರು ಬೈಯುತ್ತಲೂ ಇರಲಿಲ್ಲ, ಚೀಟಿ ಬದಲಿಸುತ್ತಿದ್ದರು ಅಷ್ಟೆ. ನಾನು ದುಪಟ್ಟಾದ ತುದಿಯಿಂದ ಒಂದೇ ಒಂದು ಸಲ ಒರೆಸಿದೆ. ಹನಿ ಹೋಯಿತು. ಓರೆಮಾಡಿ ನೋಡಿದರೆ ಗೆರೆಗಳು. ಮುಚ್ಚಳ ಹಾಕಿ ಚೀಟಿಯ ಮೇಲೆ ಇಟ್ಟೆ. ಸೋರೆಕಾಯಿ ಹಿಡಿದು ಬಂದ ದೊಡ್ಡಪ್ಪ "ಆಯ್ತಾ?" ಎಂದರು. "ಆಯ್ತು ದೊಡ್ಡಪ್ಪ" ಎಂದೆ.

ಎರಡು ಮೂರು ವಾರ ಕಳೆದಿರಬೇಕು. ಭಾನುವಾರ ನಾನೂ ಅವರ ಜೊತೆ ಕರೋಲ್ ಬಾಗಿಗೆ ಹೋಗಿದ್ದೆ. ಲಾಲಾಜಿ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಆ ಸೆಟ್ಟನ್ನು ತೆಗೆದು ಮೇಜಿನ ಮೇಲಿಟ್ಟರು. ಕೊಂಡಿದ್ದವರು ಮಾನೇಸರಿನ ಕಾರ್ಖಾನೆಯೊಂದರ ಇಂಜಿನಿಯರ್. ಗೆರೆ ಕಂಡು ವಾಪಸು ತಂದಿದ್ದರು. "ಬಾಬೂಜಿ, ಇಸ್ ಬಾರ್ ಜಲೇಬಿ ಮೀಠೀ ನಹೀಂ ನಿಕಲೀ" ಎಂದರು ಲಾಲಾಜಿ, ಈ ಸಲದ ಜಲೇಬಿ ಸಿಹಿಯಿರಲಿಲ್ಲ ಎಂದು, ಜೋಕಿನ ಹಾಗೆಯೇ.

ದೊಡ್ಡಪ್ಪ ನಾಣ್ಯವನ್ನು ಅಂಗಡಿಯ ಬಾಗಿಲ ಬೆಳಕಿಗೆ ಒಯ್ದು, ಕರವಸ್ತ್ರ ಕಟ್ಟಿಕೊಂಡು, ಭೂತಗನ್ನಡಿ ಹಿಡಿದು ನೋಡಿದರು. ಹೊರಗೆ ಸೈಕಲ್ ರಿಕ್ಷಾದವರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ತುಂಬ ಹೊತ್ತು ನೋಡಿದರು. ಆಮೇಲೆ ಒಳಗೆ ಬಂದು, "ಗಲತೀ ಮೇರೀ ಆಂಖ್ ಕೀ ಹೈ ಲಾಲಾಜಿ" ಎಂದರು. ತಪ್ಪು ನನ್ನ ಕಣ್ಣಿನದು. ಯಾರೋ "ಉಮರ್ ಭೀ ತೋ ಹೋ ಗಯೀ" ಎಂದರು, ವಯಸ್ಸೂ ಆಯಿತಲ್ಲ ಎಂದು. ಒಂದಿಬ್ಬರು ನಕ್ಕರು, ಕೆಟ್ಟ ನಗುವಲ್ಲ. ಲಾಲಾಜಿ ನನಗೆ "ಬಿಟಿಯಾ, ಚಾಯ್ ಲೋ" ಎಂದು ಲೋಟ ನೀಡಿದರು. ನಾನು ಅಲ್ಲಿಯೇ ನಿಂತು ಆ ಚಹಾ ಪೂರ್ತಿ ಕುಡಿದೆ.

ವಾಪಸು ಮೆಟ್ರೋದಲ್ಲಿ ಕೂತಿದ್ದೆವು ಎಂದು ನನ್ನ ನೆನಪು. ಆಗಿನ್ನೂ ಮೆಟ್ರೋ ಅಲ್ಲಿಗೆ ಬಂದಿರಲೇ ಇಲ್ಲ ಎನ್ನುತ್ತಾರೆ ದೊಡ್ಡಮ್ಮ. ಬಸ್ಸೇ ಇದ್ದೀತು. ಆದರೆ ಏನು ಹೇಳಿದೆ ಎನ್ನುವುದರಲ್ಲಿ ಅನುಮಾನವಿಲ್ಲ. "ದೊಡ್ಡಪ್ಪ, ಒಂದ್ಸಲ ಕಣ್ಣು ತೋರಿಸಿಬಿಡೋಣ" ಎಂದೆ. ಅವರು ಮಡಿಲಿನ ಪೆಟ್ಟಿಗೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. "ಹೂಂ ಮಗು, ತೋರಿಸೋಣ" ಎಂದರು.

ನಾನೇ ಕರೆದುಕೊಂಡು ಹೋದೆ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಪೊರೆ ಈಗಷ್ಟೇ ಶುರುವಾಗಿದೆ, ಈ ವಯಸ್ಸಿಗೆ ಎಲ್ಲರಿಗೂ ಇರುವುದೇ ಎಂದರು. ನನಗೆ ಹಾಯೆನಿಸಿತು. ನಾಣ್ಯ ಒರೆಸಿದ್ದಕ್ಕಿಂತ, ಸುಮ್ಮನಿದ್ದದ್ದಕ್ಕಿಂತ, ಆ ಕುರ್ಚಿಯ ಪಕ್ಕದಲ್ಲಿ ನಿಂತು ಹಾಯೆನಿಸಿಕೊಂಡದ್ದು ಇಂದಿಗೂ ನನ್ನನ್ನು ಹೆಚ್ಚು ನಾಚಿಸುತ್ತದೆ. ಹದಿನಾರನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಆ ವಾರದ ಪುಟಗಳನ್ನು ಮೊನ್ನೆ ತೆರೆದು ನೋಡಿದೆ. ಓದಿದ ಪುಸ್ತಕ, ಸೆಮಿನಾರಿನ ಜಗಳ, ಸೆಕೆ ಎಲ್ಲ ಇದೆ. ಇದಿಲ್ಲ.

ದೊಡ್ಡಪ್ಪ ಚೀಟಿ ಬರೆಯುವುದನ್ನು ನಿಲ್ಲಿಸಿದರು. ಲಾಲಾಜಿ ಎರಡು ಮೂರು ಸಲ ಫೋನ್ ಮಾಡಿದರು. "ನಹೀಂ ಲಾಲಾಜಿ, ಅಬ್ ಭರೋಸಾ ನಹೀಂ" ಎಂದು, ಇನ್ನು ಕಣ್ಣಿನ ಮೇಲೆ ನಂಬಿಕೆಯಿಲ್ಲವೆಂದು, ಇಟ್ಟುಬಿಟ್ಟರು. ಭಾನುವಾರಗಳಲ್ಲಿ ಪೇಪರನ್ನು ಎರಡೆರಡು ಸಲ ಓದುತ್ತಿದ್ದರು. ಆ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದೊಡ್ಡಮ್ಮ ವಿಭೂತಿ ತಂದು ದೀಪ ಉಜ್ಜಲು ಕೂತರೆ, ಇವರು ಎದ್ದುಹೋಗದೆ ಎದುರಿಗೇ ಕೂತಿದ್ದರು. ದೊಡ್ಡಮ್ಮನೇ ಕೈ ನಿಲ್ಲಿಸಿ, "ರೀ, ಹೊರಗೆ ಹೋಗಿ ಬನ್ರೀ" ಎಂದರು. "ಇರ್ಲಿ, ಉಜ್ಜು" ಎಂದರು. ದೊಡ್ಡಮ್ಮ ದೀಪಗಳನ್ನು ನೀರಲ್ಲಿ ತೊಳೆದು ಹಾಗೆಯೇ ದೇವರ ಮುಂದೆ ಇಟ್ಟರು.

ನಾನು ಗುರಗಾಂವಿನಲ್ಲಿ ಕೆಲಸ ಸಿಕ್ಕಿ ಬೇರೆ ಮನೆ ಮಾಡಿದೆ. ಮೂರು ನಾಲ್ಕು ವರ್ಷದ ಮೇಲೆ ಪೊರೆ ಬಲಿತು ಅವರಿಗೆ ಆಪರೇಷನ್ ಆಯಿತು. ಹಣ್ಣು ಹಿಡಿದು ನೋಡಲು ಹೋದೆ. ಕಪ್ಪು ಕನ್ನಡಕ ತೆಗೆದು, "ಈಗ ಎಲ್ಲ ಕಾಣತ್ತೆ ಮಗು. ನಿನ್ನ ಹಣೆ ಮೇಲೆ ಅಷ್ಟು ಸಣ್ಣ ಕಲೆ ಇದೆ ಅಂತ ಗೊತ್ತೇ ಇರ್ಲಿಲ್ಲ" ಎಂದು ನಕ್ಕರು. ಹೇಳುವುದಿದ್ದರೆ ಆಗ ಹೇಳಬೇಕಿತ್ತು. "ಮತ್ತೆ ಚೀಟಿ ಶುರುಮಾಡಿ ದೊಡ್ಡಪ್ಪ" ಎಂದೆ. "ಅಭ್ಯಾಸ ತಪ್ಪಿಹೋಯ್ತು" ಎಂದು ಸೇಬನ್ನು ಅಂಚಿನಲ್ಲಿ ಹಿಡಿಯಲು ನೋಡಿದರು. ಸೇಬಿಗೆ ಅಂಚಿರಲಿಲ್ಲ. ಇಬ್ಬರೂ ನಕ್ಕೆವು.

ಅವರು ತೀರಿಕೊಂಡದ್ದು ಗ್ರೇಟರ್ ನೋಯ್ಡಾದ ಮಗಳ ಮನೆಯಲ್ಲಿ, ಮಧ್ಯಾಹ್ನ ಊಟವಾದ ಮೇಲೆ, ಕುರ್ಚಿಯಲ್ಲಿ ಕೂತಲ್ಲಿಯೇ. ವೈಕುಂಠ ಸಮಾರಾಧನೆಯ ದಿನ ದೊಡ್ಡಮ್ಮ ನನ್ನನ್ನು ಒಳಗೆ ಕರೆದು ಒಂದು ಮಖಮಲ್ ಪೆಟ್ಟಿಗೆ ಕೊಟ್ಟರು. "ಮಿಕ್ಕಿದ್ದೆಲ್ಲ ಮಾರಿದ್ರು. ಇದೊಂದು ನಿನಗೆ ಅಂತ ಎತ್ತಿಟ್ಟಿದ್ರು."

ಅದೇ ಸೆಟ್ಟು. ಡಬ್ಬಿಯ ಕೆಳಗೆ ಎರಡು ಚೀಟಿಗಳು. ಒಂದು ಹಳೆಯದು, 'ಕನ್ನಡಿ'. ಇನ್ನೊಂದರಲ್ಲಿ, ಅದೇ ಪೆನ್ಸಿಲ್ ಅಕ್ಷರದಲ್ಲಿ, ಎರಡು ಪದ: 'ಒರೆಸಿದ್ದು. ಎಡಗೈ.'

ಆ ಮನೆಯಲ್ಲಿ ಎಡಗೈಯವಳು ನಾನೊಬ್ಬಳೇ.

ಚೀಟಿಗೆ ತಾರೀಖು ಹಾಕುವ ರೂಢಿ ಅವರಿಗಿರಲಿಲ್ಲ. ಎರಡನೆಯದನ್ನು ಅವರು ಅಂಗಡಿಯಿಂದ ಬಂದ ದಿನವೇ ಬರೆದಿದ್ದರೆ, ಅವರ ಕಣ್ಣು ಚೆನ್ನಾಗಿಯೇ ಇತ್ತು. ನನ್ನ ಹೆಸರು ಬರಬಾರದೆಂದು ಆ ಕಣ್ಣಿಗಿದ್ದ ಹೆಸರನ್ನೇ ಎಲ್ಲರ ಮುಂದೆ ಕಳೆದುಕೊಂಡರು. ಆಪರೇಷನ್ ಆದಮೇಲೆ ಬರೆದಿದ್ದರೆ, ಅಷ್ಟು ವರ್ಷ ತಮ್ಮ ಕಣ್ಣನ್ನೇ ಅನುಮಾನಿಸಿ ಬದುಕಿ, ಕೊನೆಗೆ ನಿಜ ಕಂಡು, ನನಗೇನೂ ಹೇಳದೆ ಹೋದರು. ಎರಡರಲ್ಲಿ ಯಾವುದು ಹಗುರ ಎಂದು ನನಗೆ ತಿಳಿಯುವುದಿಲ್ಲ. ಆದರೂ ತಿಳಿಯಬೇಕು ಅನ್ನಿಸುತ್ತದೆ.

ಅಂದೇ ದೊಡ್ಡಮ್ಮನನ್ನು ಕೇಳಿದೆ. ಅವರು ಚೀಟಿ ನೋಡಿದರು, ನನ್ನ ಎಡಗೈ ನೋಡಿದರು, "ಎಲೆ ಹಾಕಿದಾರೆ, ಊಟಕ್ಕೆ ಬಾ" ಎಂದು ಹೊರಟರು. ಕಳೆದ ತಿಂಗಳು ಫೋನಿನಲ್ಲಿ ಮತ್ತೆ ಕೇಳಿದೆ. ಮೊಮ್ಮಗನ ಪರೀಕ್ಷೆಯ ಮಾತು ತೆಗೆದರು.

"ದೊಡ್ಡಮ್ಮ, ಎರಡನೇ ಚೀಟಿ ಅವರು ಬರೆದದ್ದು ಆಪರೇಷನ್ನಿಗೆ ಮುಂಚೆನೋ, ಆಮೇಲೋ?"